301ನೇ ಮನುಷ್ಯ: ನಮ್ಮ ಕಾಡು-ಬೆಟ್ಟಗಳ ಗೇಟಿಗೆ ಬುಕಿಂಗ್ ಬಂದ ಕತೆ

(ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಳ್ಳಲಾಗಿದೆ.)

ಇಯರ್‌ಫೋನ್ ಹಾಕ್ಕೊಂಡು ಮೆಟ್ರೋದಲ್ಲಿ ನಿಂತಿರೋರು, ಪೀಣ್ಯದಲ್ಲಿ ಶಿಫ್ಟ್ ಮುಗಿಸಿ ಮನೆಗೆ ಹೊರಟಿರೋರು, ಅಡುಗೆ ಮಾಡ್ತಾ ಕೇಳ್ತಿರೋರು, ಎಲ್ಲರಿಗೂ ಸ್ವಾಗತ. ಇವತ್ತಿನ ವಿಷಯ ಒಂದು ಸಂಖ್ಯೆ. 300.

ಕರ್ನಾಟಕದಲ್ಲಿ ಯಾವುದೇ ಚಾರಣದ ಹಾದಿಗೆ ದಿನಕ್ಕೆ 300 ಜನಕ್ಕಿಂತ ಹೆಚ್ಚು ಬಿಡಬಾರದು ಅಂತ ಅರಣ್ಯ ಇಲಾಖೆ 2024ರಲ್ಲಿ ಹೇಳಿತು. ಟ್ರೆಕ್ಕಿಂಗ್ ಹೋಗೋರಿಗೆಲ್ಲ ಇದು ಗೊತ್ತು. ಆದರೆ ಈ ಸಂಖ್ಯೆ ಎಲ್ಲಿಂದ ಬಂತು? ಅದಕ್ಕೂ ಮುಂಚೆ ಕಾಡಿನ ಬಾಗಿಲಲ್ಲಿ ನಿಂತು 'ನೀನು ಬಾ, ನೀನು ಬೇಡ' ಅಂತ ಹೇಳ್ತಿದ್ದದ್ದು ಯಾರು? ಮತ್ತೆ ನನ್ನನ್ನ ತುಂಬಾ ಕಾಡೋ ಪ್ರಶ್ನೆ: 300 ಜನ ಒಳಗೆ ಹೋದ ಮೇಲೆ ಗೇಟಿನ ಹೊರಗೆ ಉಳಿಯೋ 301ನೇ ಮನುಷ್ಯ ಯಾರು?

ನಾನು ಓದಿದ್ದು ಬಿ.ಕಾಂ. ಕಾಡಿನ ವಿಜ್ಞಾನಿ ಅಲ್ಲ. ಆದರೆ ಒಂದು ವಸ್ತು ಕಡಿಮೆ ಇದ್ದು, ಬೇಕು ಅನ್ನೋರು ಜಾಸ್ತಿ ಇದ್ದಾಗ ಅದನ್ನ ಹೇಗೆ ಹಂಚ್ತಾರೆ ಅನ್ನೋದು ಕಾಮರ್ಸ್‌ನೋರ ಪ್ರಶ್ನೆ. ಆ ಕಣ್ಣಿಂದಲೇ ಈ ಇತಿಹಾಸ ನೋಡೋಣ.

ಜನವರಿ 26, 2024

ಆ ದಿನ ಶುಕ್ರವಾರ. ಗಣರಾಜ್ಯೋತ್ಸವದ ರಜೆ, ಅದರ ಬೆನ್ನಿಗೆ ಶನಿವಾರ, ಭಾನುವಾರ. ಬೆಂಗಳೂರಿನ ಐಟಿಯೋರಿಗೆ, ಕಾಲೇಜು ಹುಡುಗರಿಗೆ ಇದಕ್ಕಿಂತ ಒಳ್ಳೆ ವೀಕೆಂಡ್ ಸಿಗಲ್ಲ. ಕುಮಾರ ಪರ್ವತದ ಹಾದಿಯಲ್ಲಿ ಆವತ್ತು ತೆಗೆದ ವಿಡಿಯೋಗಳು ಸಂಜೆಯೊಳಗೆ ಎಲ್ಲರ ಫೋನಿಗೂ ಬಂದವು. ಇರುವೆ ಸಾಲಿನ ಥರ ಜನ. ಹತ್ತೋರು ನಿಂತಿದ್ದಾರೆ, ಇಳಿಯೋರೂ ನಿಂತಿದ್ದಾರೆ.

ಕುಮಾರ ಪರ್ವತ 1,712 ಮೀಟರ್ ಎತ್ತರ. ಶಿಖರ ಇರೋದು ಕೊಡಗಿನ ಪುಷ್ಪಗಿರಿ ವನ್ಯಜೀವಿಧಾಮದಲ್ಲಿ. ಜನ ಹೆಚ್ಚಾಗಿ ಹತ್ತೋದು ದಕ್ಷಿಣ ಕನ್ನಡದ ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ. ಸೋಮವಾರಪೇಟೆ ಕಡೆಯಿಂದ ಇನ್ನೊಂದು ದಾರಿ ಇದೆ. ಕುಕ್ಕೆ ಕಡೆಯಿಂದ ಹೋದ್ರೆ ಮಧ್ಯೆ ಭಟ್ಟರ ಮನೆ ಸಿಗುತ್ತೆ. ಅಲ್ಲಿ ಊಟ ಮಾಡಿ ಮುಂದೆ ಹೋದೋರು ನಿಮ್ಮಲ್ಲೂ ತುಂಬಾ ಜನ ಇರ್ತೀರ. ಸಾವಿರಾರು ಜನ ಒಂದೇ ದಿನ ಬಂದ್ರೆ ಆ ಕಾಲುದಾರಿ ಏನಾಗುತ್ತೆ ಅನ್ನೋಕೆ ವಿಜ್ಞಾನ ಬೇಕಾಗಿಲ್ಲ. ಹುಲ್ಲು ಸಾಯುತ್ತೆ, ಮಣ್ಣು ಸಡಿಲ ಆಗುತ್ತೆ, ಮುಂದಿನ ಮಳೆಗೆ ಅದೇ ದಾರಿ ಚರಂಡಿ ಆಗುತ್ತೆ. ಪ್ಲಾಸ್ಟಿಕ್ ಕತೆ ಬೇರೆ ಹೇಳಬೇಕಿಲ್ಲ.

ಅರಣ್ಯ ಸಚಿವ ಈಶ್ವರ ಖಂಡ್ರೆ ಕೆಲವೇ ದಿನದಲ್ಲಿ ಆದೇಶ ಕೊಟ್ಟರು: ಆನ್‌ಲೈನ್ ಬುಕಿಂಗ್ ವ್ಯವಸ್ಥೆ ಇಲ್ಲದ ಚಾರಣ ಪಥಗಳೆಲ್ಲ ಸದ್ಯಕ್ಕೆ ಬಂದ್. ಹೇಗೂ ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ಹಾದಿಗಳನ್ನ ಮುಚ್ತಾರೆ. ಆಮೇಲೆ ಅದೇ ವರ್ಷ ಅಕ್ಟೋಬರ್ 3ಕ್ಕೆ 'ಅರಣ್ಯ ವಿಹಾರ' ಅನ್ನೋ ವೆಬ್‌ಸೈಟ್ ಶುರು ಆಯ್ತು. ಚಾರಣಕ್ಕೆ ಮುಂಗಡ ಟಿಕೆಟ್, ಗುರುತಿನ ಚೀಟಿ, ಒಂದು ಹಾದಿಗೆ ದಿನಕ್ಕೆ 300 ಜನ.

ಇದನ್ನ ಮನೇಲಿ ಹೇಳಿದಾಗ ನಮ್ಮಮ್ಮ ಕೇಳಿದ್ದು ಒಂದೇ ಮಾತು. "ಬೆಟ್ಟ ಹತ್ತೋಕೂ ಓಟಿಪಿ ಬೇಕೇನೋ?"

ನಕ್ಕು ಸುಮ್ಮನಾದೆ. ಆದರೆ ಆ ಪ್ರಶ್ನೆಗೆ ಉತ್ತರ ಹುಡುಕೋಕೆ ಹೋದ್ರೆ ನೂರೈವತ್ತು ವರ್ಷ ಹಿಂದಕ್ಕೆ ಹೋಗಬೇಕಾಗುತ್ತೆ.

ಆಹ್ವಾನ ಇದ್ದವರಿಗೆ ಮಾತ್ರ

ಕಾಡಿಗೆ ಯಾರು ಬೇಕಾದ್ರೂ ಹೋಗಬಹುದಾಗಿದ್ದ ಕಾಲ ಒಂದಿತ್ತು, ಈಗ ಸರ್ಕಾರ ಗೇಟ್ ಹಾಕಿದೆ ಅಂತ ನಾವು ಅಂದ್ಕೊಳ್ತೀವಿ. ಹಳೇ ಮೈಸೂರು ಸೀಮೆಯ ದೊಡ್ಡ ಕಾಡುಗಳ ವಿಷಯದಲ್ಲಿ ಅದು ಪೂರ್ತಿ ನಿಜ ಅಲ್ಲ.

1873-74ರಲ್ಲಿ ಸ್ಯಾಂಡರ್ಸನ್ ಅನ್ನೋ ಇಂಗ್ಲಿಷ್ ಅಧಿಕಾರಿ ಚಾಮರಾಜನಗರ ಸೀಮೆಯಲ್ಲಿ ಖೆಡ್ಡಾ ಪದ್ಧತಿ ಶುರು ಮಾಡಿದ. ಖೆಡ್ಡಾ ಅಂದ್ರೆ ಕಾಡಾನೆ ಹಿಂಡನ್ನ ಸುತ್ತುವರಿದು, ಓಡಿಸಿ, ದಿಮ್ಮಿಗಳ ದೊಡ್ಡಿಗೆ ಕೂಡಿ ಹಿಡಿಯೋದು. ಆಮೇಲೆ ಇದು ಕಾಕನಕೋಟೆ ಕಾಡಿನ ದೊಡ್ಡ ಉತ್ಸವ ಆಯ್ತು. ವೈಸ್‌ರಾಯ್, ರಾಜಕುಮಾರರು, ವಿದೇಶಿ ಅತಿಥಿಗಳು ಬಂದು ಕೂತು ನೋಡ್ತಿದ್ರು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಕಬಿನಿ ಜಲಾಶಯ ಬಂದ ಮೇಲೆ ಆ ಜಾಗದ ಬಹುಭಾಗ ನೀರಲ್ಲಿ ಮುಳುಗಿತು.

ಈಗ ಬಂಡೀಪುರ ನೋಡಿ. 1931ರಲ್ಲಿ ಮೈಸೂರು ಮಹಾರಾಜರು 90 ಚದರ ಕಿಲೋಮೀಟರ್ ಜಾಗವನ್ನ ಅಭಯಾರಣ್ಯ ಮಾಡಿದ್ರು. 1941ರಲ್ಲಿ ಅದು 800 ಚದರ ಕಿಲೋಮೀಟರಿಗೆ ಬೆಳೆದು ವೇಣುಗೋಪಾಲ ವನ್ಯಜೀವಿ ಉದ್ಯಾನ ಆಯ್ತು. ಹೆಸರು ಬಂದದ್ದು ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದೇವರಿಂದ. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ದೇಶದ ಮೊದಲ ಒಂಬತ್ತು ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಬಂಡೀಪುರವೂ ಒಂದು.

ಅಂದ್ರೆ ಗೇಟು ಆಗಲೂ ಇತ್ತು. ಒಳಗೆ ಹೋಗೋಕೆ ಬೇಕಾಗಿದ್ದದ್ದು ಅರಮನೆಯ ಆಹ್ವಾನ, ಇಲ್ಲಾ ದೊಡ್ಡ ಹುದ್ದೆ. ಖೆಡ್ಡಾದಲ್ಲಿ ಜಾಡು ಹಿಡಿಯೋದು, ಆನೆ ಪಳಗಿಸೋದು ಇಂಥ ಜೀವ ಹೋಗೋ ಕೆಲಸಗಳನ್ನ ಮಾಡಿದ ಕುರುಬರು, ಜೇನುಕುರುಬರು ಒಳಗೇ ಇದ್ದರು. ಅವರು ಅತಿಥಿಗಳಾಗಿ ಇರಲಿಲ್ಲ ಅಷ್ಟೇ.

ಇನ್ನೊಂದು ವಿಷಯ ಗಮನಿಸಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27 ಮತ್ತು 28ನೇ ಕಲಂಗಳನ್ನ ಓದಿದ್ರೆ, ಅಭಯಾರಣ್ಯದೊಳಗೆ ಕಾಲಿಡೋಕೆ ಸಾಮಾನ್ಯ ಜನರಿಗೆ ಅನುಮತಿ ಪತ್ರ ಬೇಕು. ಅದನ್ನ ಯಾವ ಕಾರಣಕ್ಕೆ ಕೊಡಬಹುದು ಅನ್ನೋ ಪಟ್ಟಿಯಲ್ಲಿ ಅಧ್ಯಯನ, ಫೋಟೋಗ್ರಫಿ, ಪ್ರವಾಸ ಎಲ್ಲ ಇದೆ. ಹಾಗಾಗಿ ಅಮ್ಮನ ಪ್ರಶ್ನೆಗೆ ಕಾನೂನಿನ ಉತ್ತರ: ಓಟಿಪಿ ಹೊಸದು, ಅನುಮತಿ ಹಳೇದು. ಐವತ್ತು ವರ್ಷದಿಂದ ಕಾನೂನಲ್ಲಿ ಇದ್ದದ್ದನ್ನ ಯಾರೂ ಬಿಗಿಯಾಗಿ ಕೇಳಿರಲಿಲ್ಲ, ಯಾಕಂದ್ರೆ ಬೆಟ್ಟಕ್ಕೆ ಬರೋರೇ ಕಡಿಮೆ ಇದ್ರು.

ಸುಪ್ರೀಂ ಕೋರ್ಟ್ ಲೆಕ್ಕ ಕೇಳಿದಾಗ

ಈಗ 2012ಕ್ಕೆ ಬನ್ನಿ. ಆ ವರ್ಷ ಜುಲೈ 24ರಂದು ಸುಪ್ರೀಂ ಕೋರ್ಟ್ ಒಂದು ಮಧ್ಯಂತರ ಆದೇಶ ಕೊಟ್ಟಿತು. ದೇಶದ ಎಲ್ಲ ಹುಲಿ ಸಂರಕ್ಷಿತ ಪ್ರದೇಶಗಳ ಕೋರ್ ಭಾಗದಲ್ಲಿ ಪ್ರವಾಸೋದ್ಯಮ ಬಂದ್. ರೆಸಾರ್ಟಿನೋರು, ಜೀಪಿನೋರು, ಗೈಡ್‌ಗಳು ಗಾಬರಿ ಆದ್ರು. ಅಕ್ಟೋಬರ್‌ನಲ್ಲಿ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ಹೊಸ ಮಾರ್ಗಸೂಚಿ ತಂದ ಮೇಲೆ ನಿಷೇಧ ತೆರವಾಯ್ತು. ಕೋರ್ ಪ್ರದೇಶದ ಶೇಕಡಾ 20ಕ್ಕಿಂತ ಹೆಚ್ಚು ಭಾಗವನ್ನ ಪ್ರವಾಸಕ್ಕೆ ಬಳಸಬಾರದು ಅನ್ನೋದು ಅದರ ಒಂದು ಷರತ್ತು.

ನನಗೆ ತುಂಬಾ ಇಷ್ಟ ಆದದ್ದು ಆ ಮಾರ್ಗಸೂಚಿಯ ಇನ್ನೊಂದು ಭಾಗ. ಒಂದು ಕಾಡಿಗೆ ದಿನಕ್ಕೆ ಎಷ್ಟು ಗಾಡಿ ಬಿಡಬಹುದು ಅನ್ನೋದನ್ನ ಲೆಕ್ಕ ಹಾಕೋ ವಿಧಾನ ಅಲ್ಲಿದೆ. ಇದಕ್ಕೆ ಧಾರಣಾ ಸಾಮರ್ಥ್ಯ ಅಂತಾರೆ. ಮೂರು ಹೆಜ್ಜೆ. ಒಂದು ಉದಾಹರಣೆ ತಗೊಳ್ಳೋಣ, ಅಂಕಿಗಳು ಬರೀ ಲೆಕ್ಕಕ್ಕೆ.

ಮೊದಲ ಹೆಜ್ಜೆ, ಜಾಗ. ಸಫಾರಿ ರಸ್ತೆ 40 ಕಿಲೋಮೀಟರ್ ಇದೆ ಅಂದ್ಕೊಳ್ಳಿ. ಧೂಳು, ಗಲಾಟೆ ತಪ್ಪಿಸೋಕೆ ಎರಡು ಗಾಡಿಗಳ ಮಧ್ಯೆ ಅರ್ಧ ಕಿಲೋಮೀಟರ್ ಅಂತರ ಬೇಕು. ಹಾಗಾದ್ರೆ ಒಂದು ಸಲಕ್ಕೆ 80 ಗಾಡಿ. ಬೆಳಗ್ಗೆ ಒಂದು ಟ್ರಿಪ್, ಸಂಜೆ ಒಂದು, ಒಟ್ಟು 160.

ಎರಡನೇ ಹೆಜ್ಜೆ, ಕಾಡಿನ ಸ್ಥಿತಿ. ಮಣ್ಣು ಕೊಚ್ಚಿ ಹೋಗೋ ರಸ್ತೆ ಎಷ್ಟು, ಪ್ರಾಣಿಗಳಿಗೆ ತೊಂದರೆ ಆಗೋ ಜಾಗ ಎಷ್ಟು, ಮಳೆಗೆ ಮುಚ್ಚೋ ದಿನ ಎಷ್ಟು? ಒಂದೊಂದಕ್ಕೂ ಕಳೀತಾ ಬನ್ನಿ. ಅರ್ಧ ಆಯ್ತು ಅನ್ನಿ. 80.

ಮೂರನೇ ಹೆಜ್ಜೆ, ಸಿಬ್ಬಂದಿ. ಇಷ್ಟನ್ನ ನೋಡ್ಕೊಳ್ಳೋಕೆ 20 ಜನ ಬೇಕು, ಇರೋದು 10. ಮತ್ತೆ ಅರ್ಧ. 40 ಗಾಡಿ.

160ರಿಂದ 40ಕ್ಕೆ ಬಂದ್ವಿ. ಇಲ್ಲಿ ಒಂದು ಸೂಕ್ಷ್ಮ ಇದೆ. ಕೊನೆಯ ಇಳಿತ ಕಾಡಿನಿಂದ ಆದದ್ದಲ್ಲ, ಇಲಾಖೆಯಲ್ಲಿ ಜನ ಕಡಿಮೆ ಇದ್ದದ್ದರಿಂದ ಆದದ್ದು. ಇನ್ನೂ 10 ಜನಕ್ಕೆ ಕೆಲಸ ಕೊಟ್ರೆ ಕಾಡಿಗೆ ತೊಂದರೆ ಮಾಡದೆ ಇನ್ನೊಂದು 40 ಗಾಡಿ ಬಿಡಬಹುದು. ಲೆಕ್ಕ ಬಿಡಿಸಿ ಇಟ್ಟರೆ ಇದು ಕಾಣುತ್ತೆ. ಬರೀ ಕೊನೆಯ ಸಂಖ್ಯೆ ಹೇಳಿದ್ರೆ ಕಾಣಲ್ಲ.

ಅದಕ್ಕೇ 300 ಅನ್ನೋದು ನನಗೆ ತೊಡಕು. ಕುಮಾರ ಪರ್ವತ ಒಂದು ಇಡೀ ದಿನ ತಿನ್ನೋ ಕಡಿದಾದ ಹಾದಿ. ಬೆಂಗಳೂರಿನ ಸುತ್ತಮುತ್ತಲ ಬಂಡೆ ಬೆಟ್ಟಗಳನ್ನ ಎರಡು ಗಂಟೇಲಿ ಹತ್ತಿ ಇಳೀಬಹುದು. ಶೋಲಾ ಕಾಡಿನ ಮಣ್ಣು ಬೇರೆ, ಬರೀ ಕಲ್ಲಿನ ಮೈ ಬೇರೆ. ಒಂದಕ್ಕೆ 300 ಜಾಸ್ತಿ ಆಗಬಹುದು, ಇನ್ನೊಂದಕ್ಕೆ 300 ತೀರಾ ಕಡಿಮೆ ಆಗಬಹುದು. ತುರ್ತಿಗೆ ಒಂದು ಸಂಖ್ಯೆ ಇಟ್ಟದ್ದು ಸರಿ. ಸಾವಿರಾರು ಜನ ನುಗ್ಗೋದಕ್ಕಿಂತ ಅದು ಎಷ್ಟೋ ವಾಸಿ. ಆದರೆ ತುರ್ತಿನ ಸಂಖ್ಯೆಯೇ ಖಾಯಂ ಆಗಿಬಿಟ್ಟರೆ ಅದು ಲೆಕ್ಕ ಅಲ್ಲ, ಅಂದಾಜು.

ನಂದಿಯಿಂದ ಮುಳ್ಳಯ್ಯನಗಿರಿಗೆ

ಕಾಡಿನ ಕಾಯ್ದೆಯಿಂದಾಚೆ ಜಿಲ್ಲಾಡಳಿತ ಸಂಭಾಳಿಸೋ ಬೆಟ್ಟಗಳ ಕತೆ ಇನ್ನೊಂದು.

ನಮ್ಮ ಉತ್ತರ ಬೆಂಗಳೂರಿನೋರಿಗೆ ಬೆಟ್ಟ ಅಂದ್ರೆ ಮೊದಲು ನಂದಿ. ಶನಿವಾರ, ಭಾನುವಾರ ನಸುಕಿನಲ್ಲಿ ಗಂಗಮ್ಮ ಗುಡಿ ಸರ್ಕಲ್ ಕಡೆಯಿಂದ ಯಲಹಂಕದ ದಿಕ್ಕಿಗೆ ಬೈಕ್‌ಗಳ ಸದ್ದು ಶುರು ಆದ್ರೆ ಗೊತ್ತಾಗುತ್ತೆ, ಸೂರ್ಯೋದಯ ನೋಡೋಕೆ ಹೊರಟ್ರು ಅಂತ. ಐವತ್ತು ಚಿಲ್ಲರೆ ಕಿಲೋಮೀಟರ್. ಟಿಪ್ಪುವಿನ ಕಾಲದಿಂದ ಬೇಸಿಗೆ ಕಳೆಯೋ ಜಾಗ ಅದು, ಆಮೇಲೆ ಬ್ರಿಟಿಷ್ ಅಧಿಕಾರಿಗಳೂ ಅಲ್ಲಿ ಬಂಗಲೆ ಕಟ್ಟಿದ್ರು. ತಂಪಿಗೆ ಅಂತ ಹತ್ತೋರು ಆಗ ಬೆರಳೆಣಿಕೆ.

2021ರ ಜುಲೈನಲ್ಲಿ ಲಾಕ್‌ಡೌನ್ ಸಡಿಲ ಆದ ಕೂಡಲೇ ಏನಾಯ್ತು ನೆನಪಿದೆಯಾ? ತಿಂಗಳುಗಟ್ಟಲೆ ಮನೇಲಿ ಕೂತಿದ್ದ ಊರು ಒಂದೇ ವಾರಾಂತ್ಯ ನಂದಿ ಮೇಲೆ ಬಿತ್ತು. ಕಿಲೋಮೀಟರ್‌ಗಟ್ಟಲೆ ಗಾಡಿ ಸಾಲು. ಚಿಕ್ಕಬಳ್ಳಾಪುರ ಜಿಲ್ಲಾಡಳಿತ ವಾರಾಂತ್ಯದ ಪ್ರವೇಶವನ್ನೇ ನಿಲ್ಲಿಸಿತು. ಮುಂದಿನ ತಿಂಗಳು ಭಾರೀ ಮಳೆಗೆ ಗುಡ್ಡ ಕುಸಿದು ರಸ್ತೆ ಕೊಚ್ಚಿ ಹೋಗಿ, ಬೆಟ್ಟ ಎಲ್ಲರಿಗೂ ಮುಚ್ಚಿತು.

ಮರುವರ್ಷ, 2022ರಲ್ಲಿ, ಚಿಕ್ಕಮಗಳೂರಿನ ಚಂದ್ರದ್ರೋಣ ಸಾಲಲ್ಲಿ ನೀಲಕುರಿಂಜಿ ಅರಳಿತು. ಹನ್ನೆರಡು ವರ್ಷಕ್ಕೊಮ್ಮೆ ಅರಳೋ ಹೂವು ಅಂದ್ರೆ ರೀಲ್ಸ್ ಮಾಡದೆ ಬಿಡ್ತೀವಾ? ಇಡೀ ರಾಜ್ಯ ಅಲ್ಲಿಗೆ ಹೋಯ್ತು. ಮುಳ್ಳಯ್ಯನಗಿರಿ ಕರ್ನಾಟಕದ ಅತಿ ಎತ್ತರದ ಶಿಖರ, ಅಲ್ಲಿಗೆ ಹೋಗೋದು ಕಿರಿದಾದ ಘಾಟಿ ರಸ್ತೆ. ಅಲ್ಲಿನ ತೊಂದರೆ ಬರೀ ಜನ ಅಲ್ಲ, ಗಾಡಿ. ಎದುರು ಬದುರು ಎರಡು ದೊಡ್ಡ ಗಾಡಿ ಸಿಕ್ಕಿಹಾಕ್ಕೊಂಡ್ರೆ ಮುಗೀತು. ಹಾಗಾಗಿ 2025ರ ಸೆಪ್ಟೆಂಬರ್ 1ರಿಂದ ಜಿಲ್ಲಾಡಳಿತ ಅಲ್ಲಿಗೂ ಆನ್‌ಲೈನ್ ನೋಂದಣಿ ತಂದಿತು. ಬೆಳಗ್ಗೆ 6ರಿಂದ 12ರವರೆಗೆ 600 ಗಾಡಿ, ಮಧ್ಯಾಹ್ನ 1ರಿಂದ 6ರವರೆಗೆ 600 ಗಾಡಿ.

ಗಮನಿಸಿ: ಕುಮಾರ ಪರ್ವತದಲ್ಲಿ ಎಣಿಸೋದು ತಲೆ, ಇಲ್ಲಿ ಎಣಿಸೋದು ಗಾಡಿ. ಎಲ್ಲಿ ಏನು ಇಕ್ಕಟ್ಟೋ ಅದನ್ನ ಎಣಿಸಬೇಕು, ಅದು ಸರಿ. ಆದರೆ ಒಬ್ಬನೇ ಕೂತ ಕಾರೂ ಒಂದು, ಹನ್ನೆರಡು ಜನ ಕೂತ ಟೆಂಪೋ ಟ್ರಾವೆಲರೂ ಒಂದು ಅಂತ ಎಣಿಸಿದ್ರೆ ಯಾರಿಗೆ ಲಾಭ ಅನ್ನೋದನ್ನ ಯೋಚಿಸಿ.

ಪಕ್ಕದ ತಮಿಳುನಾಡಲ್ಲೂ ಇದೇ ಆಯ್ತು. ಮದ್ರಾಸ್ ಹೈಕೋರ್ಟ್ ಆದೇಶದ ಮೇಲೆ 2024ರ ಮೇ 7ರಿಂದ ಊಟಿಗೆ, ಕೊಡೈಕೆನಾಲ್‌ಗೆ ಇ-ಪಾಸ್ ಬಂತು. ಮೊದಲು ಪಾಸ್ ಕೇಳಿದೋರಿಗೆಲ್ಲ ಸಿಗ್ತಿತ್ತು, ಉದ್ದೇಶ ಎಣಿಸೋದಷ್ಟೇ. ಒಂದು ವರ್ಷ ಎಣಿಸಿದ ಮೇಲೆ 2025ರ ಏಪ್ರಿಲ್‌ನಲ್ಲಿ ಮಿತಿ ಹಾಕಿದ್ರು: ನೀಲಗಿರಿಗೆ ವಾರದ ದಿನ 6,000 ಗಾಡಿ, ವಾರಾಂತ್ಯ 8,000. ಸ್ಥಳೀಯರ ಗಾಡಿಗೂ ಸರ್ಕಾರಿ ಬಸ್ಸಿಗೂ ಮಿತಿ ಇಲ್ಲ. ಮೊದಲು ಎಣಿಸಿ ಆಮೇಲೆ ಮಿತಿ ಹಾಕಿದ ಕ್ರಮ ನನಗೆ ಹಿಡಿಸಿತು.

ದುಡ್ಡು, ಸಾಲು, ಚೀಟಿ

ಈಗ ಬಿ.ಕಾಂ. ಪಾಠ, ಎರಡೇ ನಿಮಿಷ. ಒಂದು ವಸ್ತು ಕಡಿಮೆ ಇದ್ದಾಗ ಹಂಚೋಕೆ ಮೂರು ದಾರಿ.

ಒಂದು, ದುಡ್ಡು. ಬೆಲೆ ಏರಿಸಿ, ಕೊಡೋ ಶಕ್ತಿ ಇದ್ದೋರು ಬರ್ತಾರೆ. ನಮ್ಮಲ್ಲಿ ಸಫಾರಿ ಹೆಚ್ಚುಕಡಿಮೆ ಹೀಗೇ ನಡೆಯುತ್ತೆ. 1980ರಲ್ಲಿ ಶುರುವಾದ ಸರ್ಕಾರಿ ಸಂಸ್ಥೆ ಜಂಗಲ್ ಲಾಡ್ಜಸ್, ಕಬಿನಿಯಲ್ಲಿ ಮಹಾರಾಜರ ಕಾಲದ ಬೇಟೆ ಬಂಗಲೆಯ ಜಾಗದಲ್ಲೇ ಮೊದಲ ರೆಸಾರ್ಟ್ ಮಾಡಿತು. ಆಹ್ವಾನದ ಜಾಗಕ್ಕೆ ಬಿಲ್ ಬಂತು. ದುಡ್ಡಿದ್ರೆ ಜಾತಿ-ಹುದ್ದೆ ಯಾರೂ ಕೇಳಲ್ಲ ಅನ್ನೋದು ಅದರ ಒಳ್ಳೇ ಗುಣ. ದುಡ್ಡಿಲ್ಲದೋರಿಗೆ ಬಾಗಿಲೇ ಇಲ್ಲ ಅನ್ನೋದು ಕೆಟ್ಟ ಗುಣ.

ಎರಡು, ಸಾಲು. ಮೊದಲು ಬಂದೋರಿಗೆ ಮೊದಲು. ರೇಷನ್ ಅಂಗಡಿಯಿಂದ ತತ್ಕಾಲ್ ಟಿಕೆಟ್‌ವರೆಗೆ ನಮಗೆ ಗೊತ್ತಿರೋದು ಇದೇ. ಆನ್‌ಲೈನ್ ಬುಕಿಂಗ್ ಅಂದ್ರೂ ಅದು ಸಾಲೇ. ನಿಲ್ಲೋದು ಕಾಲಲ್ಲಲ್ಲ, ಬೆರಳಲ್ಲಿ. ಒಳ್ಳೇ ಫೋನು, ಒಳ್ಳೇ ನೆಟ್‌ವರ್ಕು, ರಜೆಯನ್ನ ಮುಂಚೆಯೇ ಗೊತ್ತುಮಾಡ್ಕೊಳ್ಳೋ ಕೆಲಸ ಇದ್ದೋರು ಸಾಲಿನ ಮುಂದೆ ಇರ್ತಾರೆ.

ನಮ್ಮ ಏರಿಯಾದಲ್ಲಿ ಟೆಂಪೋ ಟ್ರಾವೆಲರ್ ಓಡಿಸೋ ಒಬ್ಬ ಅಣ್ಣ ಇದ್ದಾರೆ. ಅವರು ಹೇಳಿದ್ದು: "ಮೊದಲೆಲ್ಲ ಗುರುವಾರ ರಾತ್ರಿ ಫೋನ್ ಬರೋದು, ಶುಕ್ರವಾರ ರಾತ್ರಿ ಗಾಡಿ ಎತ್ತೋದು. ಈಗ ಸ್ಲಾಟ್ ಸಿಕ್ಕಿದೋರು ಎರಡು ವಾರ ಮುಂಚೆ ಹೇಳ್ತಾರೆ. ಸಿಗದೇ ಇರೋರು ಫೋನೇ ಮಾಡಲ್ಲ." ಫ್ಯಾಕ್ಟರಿ ಹುಡುಗರ ಗುಂಪು ಅವರ ಹಳೇ ಗಿರಾಕಿ. ಆ ಹುಡುಗರಿಗೆ ಈ ವಾರದ ರಜೆ ಯಾವತ್ತು ಅನ್ನೋದೇ ಬುಧವಾರ ಗೊತ್ತಾಗೋದು. ಎರಡು ವಾರ ಮುಂಚೆ ಸ್ಲಾಟ್ ಹಿಡಿಯೋದು ಹೇಗೆ?

ಮೂರು, ಚೀಟಿ. ಹೆಸರು ಹಾಕಿ ಎತ್ತೋದು. ಅಮೆರಿಕದ ಜಯಾನ್ ರಾಷ್ಟ್ರೀಯ ಉದ್ಯಾನದಲ್ಲಿ ಏಂಜಲ್ಸ್ ಲ್ಯಾಂಡಿಂಗ್ ಅನ್ನೋ ಕಡಿದಾದ ಹಾದಿ ಇದೆ, ಸರಪಳಿ ಹಿಡಿದು ಹತ್ತೋದು. ಅಲ್ಲಿಗೆ 2022ರ ಏಪ್ರಿಲ್ 1ರಿಂದ ಲಾಟರಿ ಮೂಲಕವೇ ಅನುಮತಿ. ತಿಂಗಳುಗಳ ಮುಂಚೆ ಒಂದು ಲಾಟರಿ, ಹಿಂದಿನ ದಿನ ಇನ್ನೊಂದು. ಬೆರಳು ಚುರುಕಿದ್ದೋರು, ನೆಟ್‌ವರ್ಕ್ ಇದ್ದೋರು ಅನ್ನೋ ಭೇದ ಅಲ್ಲಿ ಕಡಿಮೆ. ಕೊನೆ ಗಳಿಗೆಯಲ್ಲಿ ರಜೆ ಸಿಕ್ಕೋನಿಗೂ ಒಂದು ಅವಕಾಶ ಇದೆ.

ಬುಕಿಂಗೇ ಬೇಡ ಅಂದ್ರೆ? ಅದಕ್ಕೂ ಉದಾಹರಣೆ ಇದೆ. ಯೊಸೆಮಿಟಿ ಉದ್ಯಾನದಲ್ಲಿ ಕೋವಿಡ್ ಕಾಲಕ್ಕೆ, 2020ರಲ್ಲಿ, ಬುಕಿಂಗ್ ತಂದ್ರು. 2023ರಲ್ಲಿ ತೆಗೆದ್ರು. ಆ ಬೇಸಿಗೆಯಲ್ಲಿ ಗೇಟಿನ ಮುಂದೆ ಕಾರುಗಳು ಗಂಟೆಗಟ್ಟಲೆ ನಿಂತವು. 2024ರಲ್ಲಿ ಮತ್ತೆ ಕೆಲವು ದಿನಗಳಿಗೆ ತಂದ್ರು. ಮಿತಿ ಇಲ್ಲ ಅಂದ್ರೆ ಸಾಲು ಮಾಯ ಆಗಲ್ಲ, ವೆಬ್‌ಸೈಟಿಂದ ರಸ್ತೆಗೆ ಬರುತ್ತೆ.

ನಮ್ಮಲ್ಲೇ ನಾಲ್ಕನೇ ದಾರಿ ಒಂದಿದೆ, ನಾವು ಅದನ್ನ ಮರೀತೀವಿ. ಬಂಡೀಪುರದ ಗೋಪಾಲಸ್ವಾಮಿ ಬೆಟ್ಟಕ್ಕೆ ಖಾಸಗಿ ಗಾಡಿ ಬಿಡಲ್ಲ. ಕೆಳಗೆ ನಿಲ್ಲಿಸಿ ಕೆಎಸ್‌ಆರ್‌ಟಿಸಿ ಬಸ್ಸಲ್ಲಿ ಹೋಗಬೇಕು. ಮೊಬೈಲ್ ಇಲ್ಲದ ಅಜ್ಜಿಯೂ ಹೋಗ್ತಾಳೆ, ಗುಂಡ್ಲುಪೇಟೆಯ ರೈತನೂ ಹೋಗ್ತಾನೆ, ಬೆಂಗಳೂರಿನ ಟೆಕ್ಕಿಯೂ ಅದೇ ಸೀಟಲ್ಲಿ ಕೂರ್ತಾನೆ. ಮಿತಿ ಹಾಕೋದು ಬಸ್ಸುಗಳ ಸಂಖ್ಯೆ. ಮುಳ್ಳಯ್ಯನಗಿರಿಯಂಥ ಕಡೆ ಸಮಸ್ಯೆ ಗಾಡಿಯದ್ದೇ ಆದ್ರೆ, ಮೊದಲು ನೋಡಬೇಕಾದ್ದು ಈ ದಾರಿ ಅಂತ ನನಗನ್ನಿಸುತ್ತೆ.

ಸಾಲಲ್ಲೇ ಇಲ್ಲದವರು

ಇಲ್ಲಿಯವರೆಗೆ ಪ್ರವಾಸಿಗಳ ಮಾತೇ ಆಯ್ತು. ಕಾಡಿನ ಅಂಚಲ್ಲಿ ಇರೋರ ಮಾತು?

2025ರ ಮೇನಲ್ಲಿ ನಾಗರಹೊಳೆಯ ಕರಡಿಕಲ್ಲು ಅತ್ತೂರು ಕೊಲ್ಲಿಗೆ ಜೇನುಕುರುಬ ಕುಟುಂಬಗಳು ವಾಪಸ್ ಹೋಗಿ ಗುಡಿಸಲು ಹಾಕಿದ್ರು. ಇದು ನಮ್ಮ ಹಿರಿಯರ ಜಾಗ, ನಮ್ಮನ್ನ ಇಲ್ಲಿಂದ ಎಬ್ಬಿಸಿದ್ರು ಅನ್ನೋದು ಅವರ ವಾದ. ಇಲಾಖೆ ಅದನ್ನ ಒಪ್ಪಲಿಲ್ಲ. ತಪ್ಪು-ಸರಿ ತೀರ್ಮಾನ ಮಾಡೋಕೆ ನಾನು ಯಾರೂ ಅಲ್ಲ. ಆದರೆ ಒಂದೇ ಕಾಡಲ್ಲಿ ಟಿಕೆಟ್ ತಗೊಂಡ ನಾವು ಜೀಪಲ್ಲಿ ಒಳಗೆ ಹೋಗ್ತೀವಿ, ಖೆಡ್ಡಾ ಕಾಲದಿಂದ ಆ ಕಾಡನ್ನ ಬಲ್ಲ ಜನ ಗೇಟಲ್ಲಿ ನಿಂತು ವಾದ ಮಾಡ್ತಾರೆ. ಈ ಚಿತ್ರ ಕಣ್ಣಿಗೆ ಚುಚ್ಚದೆ ಇರಲ್ಲ.

ಅದೇ ವರ್ಷ ನವೆಂಬರ್‌ನಲ್ಲಿ ಮೈಸೂರು ಜಿಲ್ಲೆಯ ಕಾಡಂಚಿನ ಹಳ್ಳಿಗಳಲ್ಲಿ ಹುಲಿ ದಾಳಿಗೆ ರೈತರು ಸತ್ತರು. ನವೆಂಬರ್ 7ಕ್ಕೆ ಬಂಡೀಪುರ, ನಾಗರಹೊಳೆಯ ಸಫಾರಿ ನಿಲ್ಲಿಸೋಕೆ ಸಚಿವರು ಆದೇಶ ಕೊಟ್ಟರು. ಸಫಾರಿಗೆ ಹಾಕಿದ್ದ ಸಿಬ್ಬಂದಿಯನ್ನ ಹುಲಿ ಹಿಡಿಯೋ ಕೆಲಸಕ್ಕೆ ಕಳಿಸಿ ಅಂದ್ರು. ಆ ಲೆಕ್ಕದ ಮೂರನೇ ಹೆಜ್ಜೆ ನೆನಪಿದೆಯಾ, ಸಿಬ್ಬಂದಿ? ಪ್ರವಾಸಿಗಳಿಗೆ ಕಾವಲು ಇರೋ ಜನ, ಹಳ್ಳಿಗೆ ಕಾವಲು ಇರೋ ಜನ ಒಬ್ಬರೇ. ನಮ್ಮ ಸ್ಲಾಟಿನ ಬೆಲೆಯಲ್ಲಿ ಆ ಹಳ್ಳಿಯ ಪಾಲೂ ಸೇರಿದೆ.

ಕೊನೆಗೆ ಜಾಲಹಳ್ಳಿ

ಎಲ್ಲರೂ ಯಾಕೆ ಅದೇ ನಾಲ್ಕು ಬೆಟ್ಟಕ್ಕೆ ಹೋಗ್ತೀವಿ? ನನ್ನ ಉತ್ತರ: ಮನೆ ಹತ್ತಿರ ಹೋಗೋಕೆ ಜಾಗ ಇಲ್ಲ. ಕಬ್ಬನ್ ಪಾರ್ಕ್, ಲಾಲ್‌ಬಾಗ್ ಎರಡೂ ನಮ್ಮ ಕಡೆಗೆ ದೂರ.

ಆದರೆ ಜಾಲಹಳ್ಳಿಯಲ್ಲೇ ಒಂದು ಕಾಡಿನ ಜಗಳ ಇದೆ. ಪೀಣ್ಯ-ಜಾಲಹಳ್ಳಿ ಪ್ಲಾಂಟೇಷನ್ ಅಂತ ಸುಮಾರು 599 ಎಕರೆ. 1896ರಲ್ಲೇ ಮೈಸೂರು ಸರ್ಕಾರ ಇದನ್ನ ಅರಣ್ಯ ಅಂತ ಘೋಷಿಸಿತ್ತು ಅನ್ನೋದು ಅರಣ್ಯ ಇಲಾಖೆಯ ವಾದ. ಸ್ವಾತಂತ್ರ್ಯ ಬಂದ ಮೇಲೆ ಎಚ್‌ಎಂಟಿ ಕಾರ್ಖಾನೆಗೆ ಜಾಗ ಹೋಯ್ತು. ಅದೇ ಎಚ್‌ಎಂಟಿ, ನಮ್ಮ ತಾತಂದಿರ ಕೈಗಡಿಯಾರ. ಜಾಗ ಕಾನೂನುಬದ್ಧವಾಗಿಯೇ ನಮ್ಮದು ಅನ್ನೋದು ಕಂಪನಿಯ ವಾದ. 2024ರಲ್ಲಿ ಇದೇ ಸಚಿವರು ಜಾಗ ವಾಪಸ್ ತಗೊಳ್ಳಿ, ಲಾಲ್‌ಬಾಗ್ ಥರದ ಉದ್ಯಾನ ಮಾಡೋಣ ಅಂದ್ರು. ಕೇಂದ್ರ ಸಚಿವ ಕುಮಾರಸ್ವಾಮಿ ಅವರು ವಿರೋಧ ಮಾಡಿದ್ರು. ಅದೇ ವರ್ಷ ಸಿನಿಮಾ ಸೆಟ್ಟಿಗೆ ಮರ ಕಡಿದ್ರು ಅಂತ ಗಲಾಟೆ ಆಯ್ತಲ್ಲ, ಅದೂ ಇದೇ ಜಾಗ. ಇನ್ನೊಂದು ಕಡೆ, ಯಲಹಂಕದ ಮಾದಪ್ಪನಹಳ್ಳಿಯಲ್ಲಿ 153 ಎಕರೆಯ ಉದ್ಯಾನ ಮಾಡ್ತೀವಿ ಅಂತ 2025ರಲ್ಲಿ ಸರ್ಕಾರ ಹೇಳಿತು.

ಎಚ್‌ಎಂಟಿ ಜಾಗ ಯಾರದ್ದು ಅನ್ನೋದನ್ನ ಕೋರ್ಟ್ ನೋಡ್ಕೊಳ್ಳಲಿ. ನನ್ನ ಮಾತು ಇಷ್ಟೇ: ಕುಮಾರ ಪರ್ವತದ 300ರ ಮಿತಿಗೂ ಜಾಲಹಳ್ಳಿಯ 599 ಎಕರೆಗೂ ಸಂಬಂಧ ಇದೆ. ಬೇಡಿಕೆಯನ್ನ ಹಾಗೇ ಬಿಟ್ಟು ಬರೀ ಬಾಗಿಲು ಕಿರಿದು ಮಾಡ್ತಾ ಹೋದ್ರೆ ತಳ್ಳಾಟ ಜಾಸ್ತಿ ಆಗುತ್ತೆ. ಬಸ್ಸಲ್ಲಿ ಹೋಗಿ ಬರೋ ದೂರದಲ್ಲಿ ನಾಲ್ಕು ಮರದ ನೆರಳು ಸಿಕ್ಕಿದ್ರೆ, ಪ್ರತಿ ಭಾನುವಾರ ಪಶ್ಚಿಮ ಘಟ್ಟಕ್ಕೇ ಓಡಬೇಕು ಅನ್ನಿಸಲ್ಲ.

ಹಾಗಾದ್ರೆ ಬುಕಿಂಗ್ ಬೇಕಾ ಬೇಡ್ವಾ? ಬೇಕು. ಇದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಮೂರು ವಿಷಯ ಕೇಳೋ ಹಕ್ಕು ನಮಗಿದೆ. ಒಂದೊಂದು ಹಾದಿಗೂ ಲೆಕ್ಕ ಹಾಕಿ, ಆ ಲೆಕ್ಕವನ್ನ ವೆಬ್‌ಸೈಟಲ್ಲೇ ಹಾಕಿ. ಎಲ್ಲ ಟಿಕೆಟನ್ನೂ ವಾರಗಳ ಮುಂಚೆ ಮಾರಬೇಡಿ, ಒಂದು ಪಾಲನ್ನ ಹಿಂದಿನ ದಿನಕ್ಕೆ ಇಡಿ, ಒಂದು ಪಾಲನ್ನ ಸುತ್ತಲ ಊರಿನೋರಿಗೆ ಕೌಂಟರಲ್ಲೇ ಕೊಡಿ. ಮತ್ತೆ ಬಂದ ದುಡ್ಡಲ್ಲಿ ಎಷ್ಟು ಕಾವಲುಗಾರರ ಸಂಬಳಕ್ಕೆ, ಎಷ್ಟು ಹಾದಿ ರಿಪೇರಿಗೆ ಹೋಯ್ತು ಅಂತ ವರ್ಷಕ್ಕೊಮ್ಮೆ ಹೇಳಿ. ಬ್ಯಾಲೆನ್ಸ್ ಶೀಟ್ ಕೇಳೋದು ಬಿ.ಕಾಂ. ಓದಿದೋರ ಚಾಳಿ, ಏನ್ ಮಾಡೋದು.

ನೀವು ಯಾವಾಗಾದ್ರೂ 301ನೇಯವರಾಗಿದ್ರೆ, ಸ್ಲಾಟ್ ಸಿಗದೆ ಉಳಿದಿದ್ರೆ, ಅಥವಾ ಕಾಡಂಚಿನ ಊರಿನೋರಾಗಿದ್ರೆ, ಒಂದು ವಾಯ್ಸ್ ನೋಟ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಕೆಲವನ್ನ ಕೇಳಿಸ್ತೀನಿ. ಈ ವಾರ ಎಲ್ಲಾದ್ರೂ ಹೊರಡೋ ಪ್ಲಾನ್ ಇದ್ರೆ, ಹಾದಿ ತೆರೆದಿದೆಯಾ, ಬುಕಿಂಗ್ ಇದೆಯಾ ಅಂತ ಮೊದಲು ನೋಡ್ಕೊಳ್ಳಿ. ನೀರಿನ ಬಾಟಲಿ ಮನೆಯಿಂದಲೇ ತಗೊಂಡು ಹೋಗಿ, ಮನೆಗೇ ವಾಪಸ್ ತನ್ನಿ.